ನಡುಮನೆಯಲ್ಲಿ ರಾಟೆಬಿಲ್ಲು

ಕರೆಂಟಿನ ಕೆಲಸ ಮಾಡುವವರಿಗೆ ಶಾಕ್ ಹೊಡೆಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಹೊಡೆಯುತ್ತದೆ. ಆದರೆ ಕರೆಂಟು ಮರ್ಯಾದಸ್ಥ. ಮುಟ್ಟಿದರೆ ಮಾತ್ರ ಹೊಡೆಯುತ್ತದೆ, ಮುಟ್ಟುವ ಮೊದಲು ತಲೆಬುರುಡೆಯ ಬೋರ್ಡು ಹಾಕಿ ಎಚ್ಚರಿಸಿಯೂ ಇರುತ್ತದೆ. ಬಿಡದಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದ ನನಗೆ ಅಂಥ ಶಾಕುಗಳ ಬಗ್ಗೆ ಯಾವ ದೂರೂ ಇಲ್ಲ. ನನ್ನ ದೂರಿರುವುದು ಬೋರ್ಡು ಹಾಕದೆ ಹೊಡೆಯುವವರ ಮೇಲೆ, ಅಂದರೆ ನಮ್ಮ ಮನೆಯವರ ಮೇಲೆ. ನಾನು ಸುಲಭವಾಗಿ ದಿಗ್ಭ್ರಮೆಗೊಳ್ಳುವ ಮನುಷ್ಯ. ಸಾರಿಗೆ ಉಪ್ಪು ಬಿದ್ದಿಲ್ಲವೆಂದರೆ ಸಾಕು, ತಟ್ಟೆಯ ಮುಂದೆ ಬಾಯಿ ತೆರೆದು ಕೂತುಬಿಡುತ್ತೇನೆ. ನನ್ನ ಮುಖ ಸದಾ ಕಣ್ಣೆದುರಿಗೇ ಬಸ್ಸು ಹೊರಟುಹೋದವನ ಮುಖದಂತಿರುತ್ತದೆ ಎಂದು ನನ್ನ ಹೆಂಡತಿ ಮಂಜುಳ ಮದುವೆಯಾದ ಹೊಸತರಲ್ಲೇ ಕಂಡುಹಿಡಿದಿದ್ದಳು. ಅಂಥವನು ಬಿಲ್ಲುಬಾಣಗಳ ಹುಚ್ಚು ಹಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ನಿಮಗೆ ಹೇಳಬೇಕು.

ಬಿಡದಿಯ ಸುತ್ತ ರಾಗಿಹೊಲಗಳಿಗೆಲ್ಲ ತಂತಿಬೇಲಿ ಬಿದ್ದು, ಬೇಲಿಯೊಳಗೆ ತಗಡಿನ ಶೆಡ್ಡುಗಳು ಎದ್ದು, ಶೆಡ್ಡುಗಳ ಮುಂದೆ ನಿನ್ನೆಯವರೆಗೂ ದನ ಮೇಯಿಸುತ್ತಿದ್ದವರು ಟೋಪಿ ಹಾಕಿಕೊಂಡು ಸೆಕ್ಯುರಿಟಿಗೆ ನಿಂತ ಕಾಲ ಅದು. ಯಂತ್ರ ಕೂರಿಸಲು ಹೊರದೇಶದ ಎಂಜಿನಿಯರುಗಳು ಬರುತ್ತಿದ್ದರು. ಒಂದೆರಡು ವರ್ಷ ಇದ್ದು, ನಮ್ಮ ಮೆಣಸಿನಕಾಯಿಗೆ ಸೋತು, ಯಂತ್ರವನ್ನು ನಮ್ಮ ಕೊರಳಿಗೆ ಕಟ್ಟಿ ಹೊರಟುಹೋಗುತ್ತಿದ್ದರು. ಅವರು ಬಿಟ್ಟುಹೋದ ಸಾಮಾನು ಸೋಫಾದಿಂದ ಹಿಡಿದು ನಾಯಿ ಮಲಗುವ ಬುಟ್ಟಿಯವರೆಗೆ ಹೆದ್ದಾರಿಯ ಪಕ್ಕದ ಗುಜರಿ ಅಂಗಡಿಗಳಿಗೆ ಬರುತ್ತಿತ್ತು. ನಾನು ಹಳೆಯ ಮೋಟಾರಿನ ತಾಮ್ರದ ತಂತಿಗೆಂದು ಬಾಬು ಸಾಬಿಯ ಅಂಗಡಿಗೆ ಆಗಾಗ ಹೋಗುತ್ತಿದ್ದೆ. ಒಂದು ಸಂಜೆ ಅಲ್ಲಿ ಮುರುಕು ಫ್ಯಾನುಗಳ ನಡುವೆ ಅದು ನೇತಾಡುತ್ತಿತ್ತು. ಬಾಗಿದ ಎರಡು ತೋಳು, ನಡುವೆ ಒಡೆದ ಮರದ ಹಿಡಿ, ಎರಡೂ ತುದಿಗೆ ಒಂದೊಂದು ಪುಟ್ಟ ಚಕ್ರ, ಚಕ್ರಗಳ ಸುತ್ತ ತುಕ್ಕು ಹಿಡಿದ ಉಕ್ಕಿನ ತಂತಿ ಅತ್ತಿಂದಿತ್ತ ಹಾದುಹೋಗಿತ್ತು. ಜೊತೆಗೆ ಒಂದು ಕೊಳವೆಯ ತುಂಬ ಅಲ್ಯೂಮಿನಿಯಂ ಬಾಣಗಳು.

ಬಾಬು ಸಾಬಿ ಅದನ್ನು ಕಸರತ್ತಿನ ಮಷೀನು ಎಂದು ತಿಳಿದಿದ್ದ. ಬಿಳಿಯರು ಬೆಳಗೆದ್ದು ಎದೆ ಬೆಳೆಸಿಕೊಳ್ಳಲು ಎಳೆಯುತ್ತಾರಂತೆ. ಬಾಣಗಳು ಬಹುಶಃ ಟಿವಿ ಆಂಟೆನಾದ ಕಡ್ಡಿಗಳಂತೆ. ನಾನು ಅದನ್ನು ತಗಡಿನ ಸಾಮಾನಿನ ಲೆಕ್ಕದಲ್ಲಿ ತೂಗಿಸಿಕೊಂಡು ಪ್ಯಾಸೆಂಜರ್ ರೈಲಿನಲ್ಲಿ ರಾಮನಗರದ ನಮ್ಮ ಮನೆಗೆ ತಂದೆ. ರೈಲಿನಲ್ಲಿ ಎದುರು ಕೂತಿದ್ದ ಅಜ್ಜಿಯೊಬ್ಬರು, ಇಷ್ಟು ಸಣ್ಣ ರಾಟೆಯಲ್ಲಿ ಯಾವ ಬಾವಿಯ ನೀರು ಸೇದುತ್ತೀಯಪ್ಪ ಎಂದು ಮರುಕದಿಂದ ಕೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ರಾಟೆಬಿಲ್ಲು ಎಂದೇ ಆಯಿತು.

ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಸೆಂಟರಿನಲ್ಲಿ ಕೂತು ಹುಡುಕಿದಾಗ ಅದರ ಗುಟ್ಟು ಗೊತ್ತಾಯಿತು. ಸಾಮಾನ್ಯ ಬಿಲ್ಲನ್ನು ಎಳೆದಷ್ಟೂ ಭಾರ ಹೆಚ್ಚುತ್ತದೆ. ಇದರ ಚಕ್ರಗಳ ಅಚ್ಚು ನಟ್ಟನಡುವೆ ಇರುವುದಿಲ್ಲ, ಒಂದು ಪಕ್ಕಕ್ಕಿರುತ್ತದೆ. ಹಾಗಾಗಿ ಮೊದಲು ಭೀಮಭಾರ, ಅರ್ಧ ದಾಟುತ್ತಿದ್ದಂತೆ ಚಕ್ರ ತಿರುಗಿ ಭಾರ ತಟ್ಟನೆ ಇಳಿದುಬಿಡುತ್ತದೆ. ಎಳೆದುಕೊಂಡು ಆರಾಮವಾಗಿ ನಿಂತು ಗುರಿ ನೋಡಬಹುದು. ನನ್ನ ಬದುಕಿನಲ್ಲಿ ಮೊದಲು ಭಾರವಾಗಿದ್ದು ಆಮೇಲೆ ಹಗುರಾದ ವಸ್ತು ಅದೊಂದೇ, ಉಳಿದುದೆಲ್ಲ ತಿರುಗಾಮುರುಗಾ. ನಾನು ಮರುಳಾದದ್ದು ಅಲ್ಲೇ. ಅಲ್ಲಿ ತೆರೆದ ಪುಟಗಳಲ್ಲಿ ಒಂದು ಎಚ್ಚರಿಕೆ ಮಾತ್ರ ಎಲ್ಲೆಲ್ಲೂ ಇತ್ತು: ಬಾಣ ಹೂಡದೆ ಬರಿಯ ಹೆದೆಯನ್ನು ಎಳೆದು ಬಿಡಬಾರದು. ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗಿ, ತೋಳುಗಳು ಸೀಳಿ, ತಂತಿ ಕಿತ್ತು ಮುಖಕ್ಕೆ ಹೊಡೆಯುತ್ತದೆ. ಅದನ್ನು ಮನೆಮಂದಿಗೆಲ್ಲ ಓದಿ ಹೇಳಿದೆ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ನಾನು ಓದಿ ಹೇಳುವುದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ರಿಪೇರಿಗೆ ಒಂದು ಮಳೆಗಾಲವೇ ಹಿಡಿಯಿತು. ಕಿತ್ತುಹೋದ ಹೆದೆಯ ಬದಲಿಗೆ ಹೊಸದು ಬೇಕಿತ್ತು. ನಮ್ಮೂರಿನಲ್ಲಿ ರೇಷ್ಮೆಗೆ ಬರವೇ? ಹಿಂದಿನ ಬೀದಿಯ ಹುರಿ ಮಾಡುವ ಘಟಕದಲ್ಲಿ ಎಳೆಗಳನ್ನು ಒತ್ತಾಗಿ ಹೊಸೆಸಿ, ಜೇನುಮೇಣ ತಿಕ್ಕಿದೆ. ಉಕ್ಕಿನ ತಂತಿಯ ಬದಲು ಬೈಕಿನ ಕ್ಲಚ್ ವೈರು ಹಾಕಿದೆ. ತೋಳುಗಳನ್ನು ಬಗ್ಗಿಸಿ ಹಿಡಿಯಲು ಲಾರಿಯ ಹಳೆಯ ಜಾಕಿಯಿಂದ ವರಾಂಡದಲ್ಲೇ ಒಂದು ಇಕ್ಕಳ ಮಾಡಿಕೊಂಡೆ. ಹಪ್ಪಳ ಒತ್ತಲೂ ಆಗುತ್ತದೇನೋ ನೋಡಿ ಎಂದು ಮಂಜುಳ ಅಂದಳು. ಉಳಿದದ್ದು ಒಡೆದ ಹಿಡಿ. ಅದಕ್ಕೆ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಇನಾಯತ್ ಎಂಬುವವರಿಗೆ ಅಳತೆ ಕೊಟ್ಟು, ಗೊಂಬೆ ಮಾಡುವ ಮೆತ್ತನೆಯ ಹಾಲೆಮರದಲ್ಲಿ ಬೇಡ, ಗಟ್ಟಿಮರದಲ್ಲೇ ಮಾಡಿ, ಬಣ್ಣ ಗಂಭೀರವಾಗಿರಲಿ ಎಂದು ಹೇಳಿ ಬಂದೆ. ವಾರ ಬಿಟ್ಟು ಹೋದಾಗ ಕೈಗೆ ಬಂದದ್ದು ಗಿಳಿಹಸಿರು, ಅರಿಶಿನ ಹಳದಿ, ನಡುವೆ ಕೆಂಪು ಉಂಗುರ, ಮೇಲೆ ಫಳಫಳ ಅರಗು. ಕೈಗೆ ಕೂಸಿನ ಗಿಲಕಿ ಹಿಡಿದಂತಾಯಿತು. ಗಂಭೀರ ಅಂದಿದ್ದೆನಲ್ಲ ಎಂದೆ. ಇನಾಯತ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಕೆಂಪು ಒಂದೇ ಉಂಗುರ ಹಾಕಿದ್ದೇ ಗಂಭೀರಕ್ಕೋಸ್ಕರ ಎಂದರು. ಅವರ ಮಟ್ಟಿಗೆ ಅದು ಶೋಕಾಚರಣೆಯ ಬಣ್ಣವೇ ಇದ್ದಿರಬೇಕು. ಹಿಡಿ ಮಾತ್ರ ಅಂಗೈಗೆ ಅಚ್ಚೊತ್ತಿದ ಹಾಗೆ ಕೂತಿತ್ತು. ಹಾಗೇ ಹಾಕಿಕೊಂಡೆ.

ಒಂದು ಬಿಲ್ಲು ಇದ್ದವನನ್ನು ಜನ ಪಾಪ ಎನ್ನುತ್ತಾರೆ, ಮೂರು ಇದ್ದರೆ ಸಂಗ್ರಾಹಕ ಎನ್ನುತ್ತಾರೆ. ಎರಡನೆಯದು ಬೆಂಗಳೂರಿನಲ್ಲಿ ಬಾಗಿಲು ಮುಚ್ಚಿದ ಆಟದ ಸಾಮಾನಿನ ಅಂಗಡಿಯಿಂದ ಬಂತು. ಮೂರನೆಯದು ಮಾಗಡಿಯ ಹತ್ತಿರದ ತೆಂಗಿನ ತೋಟವೊಂದರಲ್ಲಿದೆ ಎಂದು ಸುದ್ದಿ ಸಿಕ್ಕಿ, ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಆ ಮನೆಯಾಕೆ ನನ್ನನ್ನು ಒಳಗೆ ಕರೆದು ತೊಲೆಯ ಕಡೆ ಕೈ ತೋರಿಸಿದರು. ಬಿಲ್ಲನ್ನು ತೊಲೆಗೆ ಬಿಗಿದು, ಅದರ ಹೆದೆಗೆ ತೊಟ್ಟಿಲು ಕಟ್ಟಿದ್ದರು. ಒಳಗೆ ಮಗು ನಿದ್ದೆ ಮಾಡುತ್ತ ಮೇಲಕ್ಕೂ ಕೆಳಕ್ಕೂ ತೇಲಾಡುತ್ತಿತ್ತು. ಅದು ಏನು, ಯಾವ ಕೆಲಸಕ್ಕೆ ಮಾಡಿದ್ದು ಎಂದು ನಡುಗುತ್ತ ವಿವರಿಸಿದೆ. ಆಕೆ ಸಮಾಧಾನದಿಂದ ಕೇಳಿ, ಇದಕ್ಕಿಂತ ಒಳ್ಳೆ ಕೆಲಸಕ್ಕೆ ಬರ್ತದಾ ಅದು, ಎಂದರು. ಒಂದು ಉಕ್ಕಿನ ಸ್ಪ್ರಿಂಗ್ ತೊಟ್ಟಿಲು ಕೊಡಿಸಿ ಬಿಡಿಸಿಕೊಂಡು ಬಂದೆ.

ನೀವು ಕೇಳಬಹುದು: ಇಷ್ಟೆಲ್ಲ ಮಾಡಿದವನು ಬಾಣ ಬಿಡುತ್ತಿದ್ದನೇ ಎಂದು. ಮೊದಲ ಬಿಲ್ಲು ಸಿದ್ಧವಾದ ದಿನ ಒಂದೇ ಒಂದು ಬಿಟ್ಟೆ. ಬಾಣ ಎಲ್ಲಿ ಹೋಯಿತೋ ತಿಳಿಯದು. ಹೆದೆ ಮಾತ್ರ ನನ್ನ ಎಡಗೈಯ ಒಳಭಾಗವನ್ನು ಉದ್ದಕ್ಕೂ ಸವರಿಕೊಂಡು ಹೋಯಿತು. ಕೈ ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಕಾರ್ಖಾನೆಯಲ್ಲಿ ಕೇಳಿದವರಿಗೆಲ್ಲ ಕರೆಂಟು ಹೊಡೆಯಿತು ಎಂದೆ. ಆಮೇಲೆ ನಾನು ರಿಪೇರಿಗಾರನಾಗಿಯೇ ಉಳಿದೆ. ತಬಲಕ್ಕೆ ಚರ್ಮ ಕಟ್ಟುವವನು ಕಛೇರಿ ಕೊಡಬೇಕೆಂದು ಯಾರೂ ಕೇಳುವುದಿಲ್ಲವಲ್ಲ. ಭಾನುವಾರ ಮೂರನ್ನೂ ಕೆಳಗಿಳಿಸಿ, ಒರೆಸಿ, ಮೇಣ ತಿಕ್ಕಿ, ಮತ್ತೆ ಗೋಡೆಗೆ ನೇತುಹಾಕುವುದು. ಅಷ್ಟರಲ್ಲೇ ನನ್ನ ಸುಖ.

ಈಗ ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ಸವಿತ ನನಗಿಂತ ಬಹಳ ಚಿಕ್ಕವಳು. ಕಾರ್ಖಾನೆಗಳ ಹಿಂದೆಯೇ ಊರಿಗೆ ಬಂದ ಕಾನ್ವೆಂಟುಗಳಲ್ಲಿ ಒಂದರಲ್ಲಿ ಟೀಚರಾಗಿದ್ದಳು. ಮಧ್ಯಾಹ್ನ ಮೂರೂವರೆಗೆಲ್ಲ ಮನೆ ಸೇರುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳ ಮದುವೆ ನನ್ನ ಹೊಣೆ. ಬಂದ ಗಂಡುಗಳಲ್ಲಿ ಕೆಲವರನ್ನು ಅವಳು ಬೇಡವೆಂದಳು, ಕೆಲವರು ಅವಳನ್ನು ಬೇಡವೆಂದರು. ತಲೆ ಬಗ್ಗಿಸಿ ಕೂರುವುದಿಲ್ಲ, ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಾಳೆ ಎಂಬುದು ಅವರ ದೂರು. ಈ ಓಡಾಟವೆಲ್ಲ ಸಿದ್ದಪ್ಪ ಮಾವನದು. ಅವನು ಅವ್ವನ ತಮ್ಮ. ಸೋತಷ್ಟೂ ಹುರುಪು ಹೆಚ್ಚುವ ಜಾತಿಯ ಮನುಷ್ಯ. ಆದರೆ ಆ ವರ್ಷ ಅವನೂ ಸೋತಿದ್ದ. ಕನಕಪುರದ ಕಡೆಯ ಚಿಕ್ಕೇಗೌಡರ ಮಗ ಉಮೇಶನ ಸಂಬಂಧ ತಂದು, ಇದೂ ತಪ್ಪಿದರೆ ನನ್ನನ್ನು ಕೇಳಬೇಡಿ ಎಂದುಬಿಟ್ಟ. ಹುಡುಗ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಮನೆಯಲ್ಲಿ ಹಿಪ್ಪುನೇರಳೆ ತೋಟ. ನೋಡಲು ಬರುವುದು ದೀಪಾವಳಿಯ ಹತ್ತಿರ ಎಂದು ಮಾತಾಗಿತ್ತು. ಅವ್ವ ಆಗಿನಿಂದಲೇ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಬೀದಿಯಲ್ಲಿ ಆಯುಧವೆಂದರೆ ಸ್ಕೂಟರು, ಮಿಕ್ಸಿ, ನೂಲು ತೆಗೆಯುವ ಯಂತ್ರ, ಹೊಲಿಗೆ ಮಷೀನು. ಇಡೀ ಬೀದಿಯಲ್ಲಿ ನಿಜವಾದ ಆಯುಧ ಅಂತ ಇರುವುದು ನಮ್ಮನೆಯಲ್ಲೇ ಎಂಬ ಹೆಮ್ಮೆಯಿಂದ ಗಿಳಿಹಸಿರು ಹಿಡಿಯ ಬಿಲ್ಲನ್ನು ಇಳಿಸಿ, ನಡುಮನೆಯಲ್ಲಿ ಮಣೆ ಹಾಕಿ ನಿಲ್ಲಿಸಿದೆ. ಅವ್ವ ಅದಕ್ಕೆ ಕುಂಕುಮವಿಟ್ಟು ಚೆಂಡುಹೂ ಸುತ್ತಿದಳು. ಪೂಜೆಗೆ ಇಟ್ಟದ್ದನ್ನು ಮರುದಿನ ಮರುಪೂಜೆ ಆಗುವವರೆಗೆ ಅಲ್ಲಾಡಿಸಬಾರದು. ಮರುದಿನ ವಿಜಯದಶಮಿಯ ಬೆಳಿಗ್ಗೆ ಮಾವನ ಫೋನು: ಒಳ್ಳೆಯ ದಿನ ಅಂತ ಚಿಕ್ಕೇಗೌಡರು ಇವತ್ತೇ ಹೊರಟಿದ್ದಾರೆ, ಜೀಪು ಆಗಲೇ ಅರ್ಧ ದಾರಿಯಲ್ಲಿದೆ. ಮಂಜುಳ ರವೆ ಹುರಿಯಲು ಓಡಿದಳು. ನಾನು ಷರಟು ಹುಡುಕಲು ಓಡಿದೆ. ಅವ್ವನ ಮಂಗಳಾರತಿ ಮುಗಿಯುವುದಕ್ಕೂ ಜೀಪು ಬಾಗಿಲಿಗೆ ನಿಲ್ಲುವುದಕ್ಕೂ ಸರಿಹೋಯಿತು. ಬಿಲ್ಲು ಹೂ ಮುಡಿದುಕೊಂಡು ಅಲ್ಲೇ ನಿಂತಿತ್ತು. ಅದೇ ಹುಡುಗಿಯೇನೋ ಅನ್ನುವ ಹಾಗೆ ಬಂದವರೆಲ್ಲ ಮೊದಲು ಅದನ್ನೇ ನೋಡಿದರು.

ಚಿಕ್ಕೇಗೌಡರು ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯರು. ವರ್ಷಗಟ್ಟಲೆ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ತಂದು ಅವರಿಗೊಂದು ಅಭ್ಯಾಸವಾಗಿತ್ತು: ಯಾವ ವಸ್ತು ಸಿಕ್ಕರೂ ಎತ್ತಿ, ಬೆರಳಲ್ಲಿ ಅಮುಕಿ, ಗೂಡಿನೊಳಗಿನ ಹುಳುವಿನ ಸದ್ದು ಕೇಳುವ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಕೂರುತ್ತಲೇ ನಮ್ಮ ಟೇಬಲ್ ಮೇಲಿದ್ದ ಪೇಪರ್‌ವೇಟನ್ನು ಹಾಗೆ ಪರೀಕ್ಷಿಸಿದರು. ಆಮೇಲೆ ಬಿಲ್ಲನ್ನು. ಒಳಗೆ ಏನೂ ಸದ್ದಾಗದ್ದರಿಂದ ಇದು ಏನು ಎಂದು ನನ್ನನ್ನು ಕೇಳಿದರು.

ನನ್ನನ್ನು ಯಾರೂ ಅದುವರೆಗೆ ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ. ನಾನು ಶುರುಮಾಡಿದೆ. ಅಚ್ಚು ಪಕ್ಕಕ್ಕಿರುವ ಚಕ್ರ, ಮರ ಮತ್ತು ಫೈಬರಿನ ಪದರಗಳ ತೋಳು, ಕ್ಲಚ್ ವೈರು, ಮಾಗಡಿಯ ತೊಟ್ಟಿಲು. ಅವರ ಹಿಂದೆಯೇ ಬಂದು ಕೂತಿದ್ದ ಮಾವ ಕಣ್ಣಲ್ಲಿ, ಹುಬ್ಬಲ್ಲಿ, ಕೊನೆಗೆ ಕೆಮ್ಮಿ ಸನ್ನೆ ಮಾಡಿದ. ಹುಡುಗಿಯ ವಿದ್ಯಾಭ್ಯಾಸದ ಬಗ್ಗೆ ಇನ್ನೂ ಒಂದು ಮಾತೂ ಆಗಿರಲಿಲ್ಲ. ಚಿಕ್ಕೇಗೌಡರು ಎಲ್ಲ ಕೇಳಿ, ಬಿಲ್ಲನ್ನು ಮಗನ ಕೈಗೆ ಕೊಟ್ಟು, “ಒಸಿ ಎಳಿ ನೋಡಾನ” ಎಂದರು.

ಉಮೇಶ ಕಟ್ಟುಮಸ್ತಾದ ಆಳು, ಆದರೆ ನಾಚಿಕೆ ಸ್ವಭಾವದವನು. ಇಷ್ಟು ಹೊತ್ತು ಚಾಪೆಯನ್ನೇ ನೋಡುತ್ತ ಕೂತಿದ್ದ. ಅಪ್ಪನ ಮಾತಿಗೆ ಎದ್ದು, ಹೆದೆಗೆ ಬೆರಳು ಕೊಟ್ಟು ಎಳೆದ. ಬರಲಿಲ್ಲ. ಅವನ ಅಮ್ಮ ಸೆರಗು ಸರಿಮಾಡಿಕೊಂಡರು. ಇನ್ನೊಮ್ಮೆ ಉಸಿರು ಕಟ್ಟಿ, ಕಿವಿಯವರೆಗೆ ಕೆಂಪಾಗಿ ಎಳೆದ. ಚಕ್ರ ತಿರುಗಿತು, ಭಾರ ತಟ್ಟನೆ ಇಳಿದದ್ದಕ್ಕೆ ಅವನೇ ಬೆಚ್ಚಿ, ಮುಖದಲ್ಲಿ ಚಿಕ್ಕ ಹುಡುಗನ ನಗು ಬಂತು. ಮರುಕ್ಷಣ ಅವನಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ತೋಳು ನಡುಗತೊಡಗಿತು. ಬೆರಳು ಹೆದೆಯಿಂದ ಜಾರುತ್ತಿರುವುದು ನನಗೆ ಕಂಡಿತು. ಬಾಣ ಇರಲಿಲ್ಲ. ಹೆದೆ ಬಿಟ್ಟರೆ ಬಿಲ್ಲು ಸೀಳಿ, ಕ್ಲಚ್ ವೈರು ಕಿತ್ತು, ಗಂಡಿನ ಮುಖಕ್ಕೆ, ಪಕ್ಕದಲ್ಲಿದ್ದ ಅವನ ಅಪ್ಪನ ಮುಖಕ್ಕೆ. ನಾನು ಕೂಗಬೇಕೆಂದು ಬಾಯಿ ತೆರೆದೆ. ಬಾಯಿ ತೆರೆದದ್ದು ತೆರೆದಂತೆಯೇ ಇತ್ತು, ಮಾತು ಹೊರಡಲಿಲ್ಲ.

ಆಗ ಸವಿತ ಉಪ್ಪಿಟ್ಟಿನ ತಟ್ಟೆ ಹಿಡಿದು ಒಳಗಿನಿಂದ ಬಂದಳು. ಒಂದು ನೋಟ ನೋಡಿದಳು. ತಟ್ಟೆಯನ್ನು ಮಾವನ ತೊಡೆಯ ಮೇಲೆ ಇಟ್ಟು, ನೇರ ಹೋಗಿ, ಉಮೇಶನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಹೆದೆ ಹಿಡಿದಳು.

“ಬುಡ್ಬ್ಯಾಡಿ. ಬಾಣ ಇಲ್ದೆ ಬುಟ್ರೆ ಮಕಕ್ಕೆ ಸಿಡೀತದೆ. ಹಂಗೇ ಇಟ್ಕಂಡಿರಿ.”

“ಕೈ ನಡುಗ್ತಾ ಐತೆ” ಎಂದ ಉಮೇಶ, ಬಹಳ ಮೆತ್ತಗೆ.

“ನಡುಗ್ಲಿ. ನಾನ್ ಇಡ್ಕಂಡಿವ್ನಲ್ಲ. ಈಗ ನಿಧಾನಕ್ಕೆ ಮುಂದಕ್ಕೆ ಬನ್ನಿ.”

ಇಬ್ಬರೂ ಸೇರಿ ಹೆದೆಯನ್ನು ಇಂಚಿಂಚಾಗಿ ಮುಂದಕ್ಕೆ ತಂದು ಇಳಿಸಿದರು. ಬಿಲ್ಲು ಸದ್ದಿಲ್ಲದೆ ಮೊದಲಿನಂತಾಯಿತು. ಹೆಣ್ಣು ನೋಡಲು ಬಂದ ಗಂಡಿನ ಕೈಯನ್ನು ಹೆಣ್ಣು ಹಿರಿಯರೆದುರು ಹಿಡಿದುಕೊಂಡು ನಿಂತಿದ್ದಾಳೆ ಎಂಬುದು ಒಬ್ಬೊಬ್ಬರಿಗೇ ಹೊಳೆಯತೊಡಗಿತು. ಮಾವ ತೊಡೆಯ ಮೇಲಿನ ಬಿಸಿ ತಟ್ಟೆಯನ್ನು ಎತ್ತುವುದನ್ನೂ ಮರೆತಿದ್ದ. ಸವಿತಳಿಗೆ ಮಾತ್ರ ಅದು ಯಾವುದೂ ಹೊಳೆದಂತೆ ಕಾಣಲಿಲ್ಲ. ಕ್ಲಾಸಿನಲ್ಲಿ ತಪ್ಪು ಮಾಡಿದ ಹುಡುಗನಿಗೆ ಹೇಳಿಕೊಡುವ ಹಾಗೆ, ಎಳೆಯುವುದು ತೋಳಿನಿಂದ ಅಲ್ಲ ಬೆನ್ನಿನಿಂದ ಎಂದು ಹೇಳಿ, ಬಿಲ್ಲು ತೆಗೆದುಕೊಂಡು, ರೇಷ್ಮೆ ಸೀರೆಯಲ್ಲೇ ಪಕ್ಕಕ್ಕೆ ತಿರುಗಿ ನಿಂತು, ಒಂದೇ ಉಸಿರಿಗೆ ಕೆನ್ನೆಯವರೆಗೆ ಎಳೆದು ತೋರಿಸಿ, ಮತ್ತೆ ಇಳಿಸಿದಳು.

ನನಗೆ ಕಾಲಿನ ಕೆಳಗೆ ನೆಲ ಇದೆಯೇ ಎಂದು ನೋಡಿಕೊಳ್ಳುವ ಹಾಗಾಯಿತು. ಚಿಕ್ಕೇಗೌಡರು ಹೊಡೆಯೋಕೂ ಬರುತ್ತೋ ಎಂದು ಕೇಳಿದರು. ಇವಳು ಹೂಂ ಎಂದಳು. ಹಾಗಾದರೆ ತೋರಿಸು ಎಂದರು. ಎಲ್ಲರೂ ಎದ್ದು ಹಿತ್ತಿಲಿಗೆ ಹೊರಟರು. ಕೊನೆಯವನಾಗಿ ನಾನು ಹೋದೆ. ನಮ್ಮ ಹಿತ್ತಿಲು ಒಂದು ದೊಡ್ಡ ಬಂಡೆಗೆ ಹೋಗಿ ಮುಟ್ಟುತ್ತದೆ. ಆ ಕಡೆ ನಾನು ಹೋಗಿ ಎಷ್ಟು ಕಾಲವಾಗಿತ್ತೋ. ಬಂಡೆಯ ಮುಂದೆ ತೆಂಗಿನ ನಾರು ತುಂಬಿದ ಗೋಣಿಚೀಲಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಬಿಳಿ ಬಟ್ಟೆ ಹೊಲಿದು, ರಂಗೋಲಿ ಬಣ್ಣದಲ್ಲಿ ದುಂಡಗೆ ವೃತ್ತಗಳನ್ನು ಬರೆದಿತ್ತು. ಬಟ್ಟೆ ನನ್ನ ಹಳೆಯ ಪಂಚೆ. ನಡುವಿನ ವೃತ್ತ ತೂತು ಬಿದ್ದು ಬಿದ್ದು ಜಾಲರಿಯಾಗಿತ್ತು. ಇದನ್ನು ನಾನು ಇನ್ನೂ ಅರಗಿಸಿಕೊಳ್ಳುತ್ತಿರುವಾಗಲೇ ಅವ್ವ, ನನ್ನ ಹೆತ್ತ ತಾಯಿ, ಯಾರೂ ಕೇಳದೆಯೇ ಅಡುಗೆಮನೆಗೆ ಹೋಗಿ ಅಕ್ಕಿಯ ಡ್ರಮ್ಮಿನ ಹಿಂದಿನಿಂದ ಬಾಣಗಳನ್ನು ತಂದು ಮಗಳ ಕೈಗೆ ಕೊಟ್ಟಳು. ಹಿಂದೊಮ್ಮೆ ಅಡುಗೆಮನೆಯಲ್ಲಿ ಒಂದು ಬಾಣ ಕಂಡು ಕೇಳಿದ್ದೆ. ನುಗ್ಗೆಕಾಯಿ ಉದುರಿಸಲು ಎಂದಿದ್ದಳು. ನಂಬಿದ್ದೆ.

ಸವಿತ ಬಿಟ್ಟ ಮೊದಲ ಬಾಣ ನಡುವಿನ ವೃತ್ತದ ಅಂಚಿಗೆ ಹೊಕ್ಕಿತು. ಎರಡನೆಯದು ನಟ್ಟನಡುವೆ. ಸದ್ದು ಎಂಥದೆಂದರೆ ಒದ್ದೆ ಬಟ್ಟೆಯನ್ನು ಒಮ್ಮೆ ಕಲ್ಲಿಗೆ ಬಡಿದಂತೆ, ಅಷ್ಟೆ. ನಾನು ರೇಷ್ಮೆಯಲ್ಲಿ ಹೊಸೆಸಿದ ಹೆದೆ ಆಡಿದ ಮಾತನ್ನು ನಾನು ಅವತ್ತೇ ಮೊದಲು ಕೇಳಿದ್ದು. ಚಿಕ್ಕೇಗೌಡರು ಗೋಣಿಯವರೆಗೂ ನಡೆದುಹೋಗಿ ಬಾಣವನ್ನು ಕೀಳಲು ನೋಡಿದರು. ಅದು ಬರಲಿಲ್ಲ. ಅವ್ವ ಬೇಲಿಯ ಹತ್ತಿರದಿಂದ, ಒಂದು ಕೈಲಿ ಗೋಣಿ ಅದುಮಿ ಹಿಡಿದು, ಸುಮ್ಮನೆ ಎಳೆಯದೆ ಒಸಿ ತಿರುಗಿಸಿ ಎಳೆಯಬೇಕೆಂದು ಅವರಿಗೆ ತಿಳಿಸಿದಳು. ತಿರುಗಿಸಿದರು, ಬಂತು. ಬಾಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ತಣ್ಣಗಾದ ಉಪ್ಪಿಟ್ಟು ತಿಂದು, ಕಾಫಿ ಕುಡಿದು ಎದ್ದರು. ಬಾಗಿಲಲ್ಲಿ ಚಿಕ್ಕೇಗೌಡರು, ಊರಿಗೆ ಹೋಗಿ ತಿಳಿಸುತ್ತೇವೆ ಎಂದರು. ಆ ಮಾತಿನ ಅರ್ಥ ನಮ್ಮ ಮನೆಗೆ ಚೆನ್ನಾಗಿ ಪರಿಚಯವಿತ್ತು. ಜೀಪು ತಿರುವು ದಾಟುತ್ತಲೇ ಮಾವ ನನ್ನ ಕಡೆ ತಿರುಗಿದ. ಹಿಂದೆಲ್ಲ ಬಿಲ್ಲು ಎತ್ತಿದ ಗಂಡಿಗೆ ಹೆಣ್ಣು ಕೊಡುತ್ತಿದ್ದರಂತೆ, ನಿಮ್ಮ ಮನೆಯಲ್ಲಿ ಹೆಣ್ಣೇ ಎತ್ತಿ ಗಂಡನ್ನು ಓಡಿಸಿಬಿಟ್ಟಳಲ್ಲೋ, ಗುಜರಿ ತಂದು ಮನೆ ತುಂಬಿದ್ದಕ್ಕೆ ತಕ್ಕ ಶಾಸ್ತಿಯಾಯಿತು ಎಂದು ಬೈದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ. ಸವಿತ ಸೀರೆ ಬದಲಾಯಿಸಲು ಹೋದವಳು ಬಾಗಿಲು ಹಾಕಿಕೊಂಡಳು. ಅವಳು ಅಳುತ್ತಿದ್ದಾಳೆಂದು ಎಲ್ಲರಿಗೂ ತಿಳಿಯಿತು. ಯಾರೂ ಬಾಗಿಲು ತಟ್ಟಲಿಲ್ಲ.

ಒಳ್ಳೆಯ ಅಣ್ಣನಾದವನು ಆಗ ತಂಗಿಯ ಬದುಕಿನ ಬಗ್ಗೆ ಯೋಚಿಸಬೇಕಿತ್ತು. ನಾನು ಅಡುಗೆಮನೆಗೆ ಹೋಗಿ ಮಂಜುಳಳನ್ನು ವಿಚಾರಣೆಗೆ ನಿಲ್ಲಿಸಿದೆ. ನನ್ನ ಬಿಲ್ಲನ್ನು ನನಗೆ ಹೇಳದೆ ಯಾವಾಗಿನಿಂದ ಮುಟ್ಟುತ್ತಿದ್ದೀರಿ ಎಂದೆ. ಅವಳು ಬಾಣಲೆ ತಿಕ್ಕುತ್ತಲೇ ಎಲ್ಲವನ್ನೂ ಹೇಳಿದಳು. ಹೋದ ವರ್ಷದಿಂದ, ಸವಿತ ಸ್ಕೂಲಿನಿಂದ ಬಂದ ಮೇಲೆ, ನಾನು ಬರುವ ಮೊದಲು. ಅವಳ ಕೈ ಕುದುರುವವರೆಗೆ ತಾನೂ ಹೊಡೆಯುತ್ತಿದ್ದಳಂತೆ. ಪಕ್ಕದ ಮನೆಯ ಹೆಂಗಸರು ಬಂದು ನೋಡುತ್ತಿದ್ದರಂತೆ. ಉಳಿದ ಎರಡು ಬಿಲ್ಲು ಬಿಟ್ಟು ಇದನ್ನೇ ತೆಗೆದುಕೊಳ್ಳುತ್ತಿದ್ದದ್ದು ಹಿಡಿಯ ಬಣ್ಣ ಲಕ್ಷಣವಾಗಿದೆ ಅಂತ. ನಾನು ಓದಿ ಹೇಳಿದ್ದ ಎಚ್ಚರಿಕೆಯನ್ನು ಅಕ್ಷರ ಬಿಡದೆ ಪಾಲಿಸಿದ್ದರಂತೆ. ಹೆದೆಯ ಮೇಣ ಬೇಗ ಬೇಗ ಸವೆಯುತ್ತಿದೆ, ಹವೆಯ ಉಷ್ಣ ಇರಬೇಕು ಎಂದು ನಾನು ಭಾನುವಾರ ಭಾನುವಾರ ಚಿಂತೆ ಮಾಡುವಾಗ ಇವರು ಮೂವರೂ ಅದೇ ಕೋಣೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

ನನಗೆ ಯಾಕೆ ಹೇಳಲಿಲ್ಲ ಎಂದೆ. “ನೀವು ರಿಪೇರಿ ಮಾಡ್ತೀರ, ಹೊಡಿಯಾಕಿಲ್ಲ” ಎಂದಳು ಮಂಜುಳ. “ರಿಪೇರಿ ಆಗೈತೋ ಇಲ್ವೋ ಯಾರಾದ್ರೂ ನೋಡ್ಬೇಕಲ್ಲ. ಹೇಳಿದ್ರೆ ನಿಮಗೆ ಶಾಕ್ ಆಯ್ತದೆ ಅಂತ ಸುಮ್ಕಿದ್ವಿ.”

ಆ ವಾರ ಮನೆಯಲ್ಲಿ ಯಾರೂ ಬಿಲ್ಲಿನ ಮಾತೆತ್ತಲಿಲ್ಲ. ನಾನು ಮೂರನ್ನೂ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಅವ್ವ ತುಪ್ಪದ ದೀಪ ನಿಲ್ಲಿಸಿ ಎಣ್ಣೆಯ ದೀಪಕ್ಕೆ ಇಳಿದಳು. ನನ್ನ ವಾರದ ರಜೆಯ ದಿನ ಚಿಕ್ಕೇಗೌಡರು ಒಬ್ಬರೇ ಬಂದು ಬಾಗಿಲಲ್ಲಿ ನಿಂತರು. ಮಾರ್ಕೆಟ್ಟಿಗೆ ಗೂಡು ಹಾಕಿ ಹಾಗೇ ಬಂದಿದ್ದರು. ಮೈಯೆಲ್ಲ ಹಸಿ ಗೂಡಿನ ವಾಸನೆ. ಕೂತರು, ನೀರು ಕುಡಿದರು, ಖಾಲಿ ಲೋಟವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೆಳಗಿಟ್ಟರು. ಮಗ ಒಪ್ಪಿದ್ದಾನೆ ಎಂದರು. ಒಪ್ಪಿದ್ದಾನೆ ಎನ್ನುವುದಕ್ಕಿಂತ, ಅವತ್ತಿನಿಂದ ಊಟ ಮಾಡುವಾಗಲೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾನೆ, ಬೇರೆ ಕಡೆ ಹೆಣ್ಣು ನೋಡಲು ಬರುವುದಿಲ್ಲ ಅನ್ನುತ್ತಾನೆ. ಅವನ ಅಮ್ಮನಿಗೆ ಮೊದಲು ಕಸಿವಿಸಿಯಾಯಿತಂತೆ. ಆಮೇಲೆ, ಆ ಹುಡುಗಿ ಬರದಿದ್ದರೆ ಮಗನ ಕಣ್ಣು ಹೋಗುತ್ತಿತ್ತು ಎಂದು ತಾವೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರಂತೆ.

ಸವಿತಳನ್ನು ಕರೆಸಿದೆವು. ಚಿಕ್ಕೇಗೌಡರು ನೇರವಾಗಿ ಅವಳನ್ನೇ ಕೇಳಿದರು, ನಿನಗೆ ಹೇಗವ್ವ ಎಂದು. ಅವಳು ತಲೆ ಬಗ್ಗಿಸಲಿಲ್ಲ. “ಬುಡ್ಬ್ಯಾಡಿ ಅಂದೆ, ಬುಡ್ನಿಲ್ಲ. ಕೈ ನಡುಗ್ತಾ ಐತೆ ಅಂತ ಎಲ್ರ ಮುಂದೆ ಒಪ್ಕಂಡ್ರು. ಅಷ್ಟು ಸಾಕು” ಎಂದಳು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಗ ಚಿಕ್ಕೇಗೌಡರು ಗಂಟಲು ಸರಿಮಾಡಿಕೊಂಡು, ಒಂದು ಮಾತಿದೆ, ಆ ಬಿಲ್ಲಿನ ವಿಷಯ, ಎಂದರು.

ಮದುವೆಯಾದ ಮೇಲೆ ಅವಳು ಬಿಲ್ಲು ಮುಟ್ಟಬಾರದು ಅನ್ನುತ್ತಾರೆ ಎಂದು ನಾನು ಮನಸ್ಸನ್ನು ಗಟ್ಟಿಮಾಡಿಕೊಂಡೆ. ಈ ಸಲ ಬಾಯಿ ತೆರೆದು ಸುಮ್ಮನಿರಬಾರದು, ತಂಗಿಯ ಪರ ಎರಡು ಮಾತು ಆಡಲೇಬೇಕು ಎಂದು ಮಾತನ್ನೂ ಜೋಡಿಸಿಕೊಂಡೆ. ಅವರು, “ನಮಗೆ ವರದಕ್ಷಿಣೆ ಗಿರದಕ್ಷಿಣೆ ಏನೂ ಬ್ಯಾಡ. ಆ ಬಿಲ್ಲೊಂದು ಕೊಟ್ಬುಡಿ. ಹುಡುಗ ಕಲೀಬೇಕು ಅಂತವ್ನೆ” ಎಂದರು.

ನಾನು ಜೋಡಿಸಿಕೊಂಡ ಮಾತೆಲ್ಲ ಎಲ್ಲಿಗೋ ಹೋಯಿತು. ಹೆಣ್ಣು ಕೇಳಿದಾಗ ಕ್ಷಣವೂ ಯೋಚಿಸದೆ ತಲೆಯಾಡಿಸಿದ್ದವನು, “ಅದನ್ನ... ಮನೇಲಿ ಒಸಿ ಮಾತಾಡ್ಕಂಡು ಹೇಳ್ತೀನಿ” ಎಂದುಬಿಟ್ಟೆ. ಅವ್ವ, ಮಂಜುಳ, ಸವಿತ ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಹಿತ್ತಿಲ ಗೋಣಿಚೀಲಕ್ಕೆ ಏನನ್ನಿಸುತ್ತಿತ್ತೆಂದು ನನಗೆ ಆಗ ಗೊತ್ತಾಯಿತು. ಒಪ್ಪಿದೆ.

ಮದುವೆ ಕನಕಪುರದಲ್ಲಿ ಚೆನ್ನಾಗಿಯೇ ಆಯಿತು. ಸಿದ್ದಪ್ಪ ಮಾವ, ಈ ಸಂಬಂಧ ಕುದುರುತ್ತದೆಂದು ತನಗೆ ಮೊದಲೇ ಗೊತ್ತಿತ್ತು ಎಂದು ಛತ್ರದ ತುಂಬ ಹೇಳಿಕೊಂಡು ಓಡಾಡಿದ. ಹೆಣ್ಣನ್ನು ಒಪ್ಪಿಸಿ ಕಳಿಸುವ ಹೊತ್ತಿಗೆ ನನಗೆ ಅಳು ತಡೆಯಲಾಗಲಿಲ್ಲ. ಬೀಗಿತ್ತಿ ನನ್ನ ಕೈಹಿಡಿದು, ಎಷ್ಟು ಅಂತಃಕರಣಪ್ಪ ತಂಗಿ ಮೇಲೆ, ಹಬ್ಬಕ್ಕೆಲ್ಲ ಕಳಿಸಿಕೊಡ್ತೀವಿ ಎಂದು ಸಮಾಧಾನ ಮಾಡಿದರು. ನಾನು ಅವರ ಭುಜದ ಮೇಲಿಂದ ಕಾರಿನ ಕ್ಯಾರಿಯರ್ ಕಡೆ ನೋಡುತ್ತಿದ್ದೆ. ಅಲ್ಲಿ ಹೊಸ ಬೀರುವಿನ ಪಕ್ಕದಲ್ಲಿ, ಜಮಖಾನದಲ್ಲಿ ಸುತ್ತಿದ ಬಿಲ್ಲನ್ನು ಹಗ್ಗದಿಂದ ಬಿಗಿಯುತ್ತಿದ್ದರು. ಹಗ್ಗ ಸರಿಯಾಗಿ ಮೇಲಿನ ಚಕ್ರದ ಮೇಲೆಯೇ ಹಾದುಹೋಗಿತ್ತು. ಮಂಜುಳ ನನ್ನ ನೋಟ ಹೋದ ದಿಕ್ಕನ್ನು ಹಿಡಿದು, ಯಾರಿಗೂ ಕಾಣದ ಹಾಗೆ ನನ್ನ ಸೊಂಟ ಚಿವುಟಿದಳು.

ನಾವು ರಾಮನಗರಕ್ಕೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಸವಿತಳ ಫೋನು ಬಂತು. ಓಡಿಹೋಗಿ ನಾನೇ ಎತ್ತಿದೆ. ಹಿಂದೆ ಅವ್ವ, ಪಕ್ಕದಲ್ಲಿ ಮಂಜುಳ, ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹೊಸ ಮನೆಗೆ ಕಾಲಿಟ್ಟ ತಂಗಿಗೆ ಆಡಬೇಕಾದ ಮಾತುಗಳು ಎಷ್ಟೋ ಇದ್ದವು. ನನ್ನ ಬಾಯಿಂದ ಬಂದದ್ದು ಒಂದೇ: “ತಲುಪ್ತಾ?”

“ತಲುಪ್ತು ಕಣಣ್ಣ” ಎಂದಳು ಸವಿತ. “ಅದರ ಜೊತೆ ನಾನೂ ಬಂದಿವ್ನಿ.”